ಅತ್ತೆಯವರ ಮೊಸರು ಮತ್ತು ಡಚ್ ಬಟ್ಟೆ ವ್ಯಾಪಾರಿ

ನಮ್ಮ ಅತ್ತೆಯವರು ಮೊಸರು ಬಿಟ್ಟರು.

‘ಬಿಟ್ಟರೆ ಬಿಡಲಿ, ಇದೂ ಒಂದು ಸುದ್ದಿಯೇ?’ ಎಂದು ಪುಟ ತಿರುವಬೇಡಿ. ಹಾಗೆ ಕೇಳಿದರೆ ನೀವು ಹತ್ತಿಮತ್ತೂರಿನ ಕಡೆಯವರಲ್ಲ ಎಂದು ಗೊತ್ತಾಗಿಬಿಡುತ್ತದೆ. ಅಲ್ಲಿ ಅತ್ತೆ ನೀಲವ್ವನವರ ಮೊಸರು ಇಡೀ ಓಣಿಯಲ್ಲಿ ಹೆಸರುವಾಸಿ. ಗಡಿಗೆ ಬೋರಲು ಹಾಕಿದರೂ ಬೀಳುವುದಿಲ್ಲ. (ಮದುವೆಯಾದ ಹೊಸದರಲ್ಲಿ ನಾನೇ ಹಾಕಿ ನೋಡಿದ್ದೇನೆ. ಮೊಸರು ಬೀಳಲಿಲ್ಲ, ಬೈಗುಳ ಬಿತ್ತು.) ಅವರ ಅತ್ತೆಯ ಕಾಲದಿಂದ ಆ ಮನೆಯಲ್ಲಿ ಹೆಪ್ಪು ಹಾಕುವುದು ಒಂದು ದಿನವೂ ತಪ್ಪಿರಲಿಲ್ಲ. ಓಣಿಯಲ್ಲಿ ಯಾರ ಮನೆಯ ಹೆಪ್ಪು ಕೆಟ್ಟರೂ ವಾಟಿ-ಬಟ್ಟಲು ಹಿಡಿದುಕೊಂಡು ಬರುವುದು ಅಲ್ಲಿಗೇ. ದೀಪ ಹಚ್ಚುವ ಮೊದಲು ಬರಬೇಕು ಎಂಬುದೊಂದೇ ನಿಯಮ. ದೀಪ ಹಚ್ಚಿದ ಮೇಲೆ ಹೆಪ್ಪು ಹೊಸ್ತಿಲು ದಾಟಬಾರದಂತೆ.

ಅಂಥ ಹೆಂಗಸು, ಎಪ್ಪತ್ತೆರಡರ ವಯಸ್ಸಿನಲ್ಲಿ, ಒಂದು ಭಾನುವಾರ ಮಧ್ಯಾಹ್ನ ಮೊಸರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಈ ಪ್ರಕರಣದಲ್ಲಿ ಒಂದನೇ ಆರೋಪಿ ನಾನು. ಎರಡನೇ ಆರೋಪಿ, ಸತ್ತು ಮುನ್ನೂರು ವರ್ಷವಾದ ಒಬ್ಬ ಡಚ್ ಬಟ್ಟೆ ವ್ಯಾಪಾರಿ.

ನಾನು ಶಿಗ್ಗಾಂವದಲ್ಲಿ ಇತಿಹಾಸದ ಮಾಸ್ತರ. ವರ್ಷಕ್ಕೊಮ್ಮೆ ‘ಆಧುನಿಕ ಯುರೋಪಿನ ಉದಯ’ ಎಂಬ ಪಾಠ ಬರುತ್ತದೆ. ದುರ್ಬೀನು ಹಿಡಿದು ಆಕಾಶ ನೋಡಿದವರು, ಹೆಣ ಕೊಯ್ದು ಹೃದಯ ನೋಡಿದವರು, ಎಲ್ಲರೂ ಆ ಪಾಠದಲ್ಲಿದ್ದಾರೆ. ಅವರಲ್ಲಿ ನನಗೆ ಪ್ರೀತಿ ಈ ಬಟ್ಟೆ ವ್ಯಾಪಾರಿಯ ಮೇಲೆ. (ಹೆಸರು ಮಾತ್ರ ಕೇಳಬೇಡಿ. ಇಪ್ಪತ್ತೆರಡು ವರ್ಷಗಳಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ, ಒಮ್ಮೆಯೂ ಸರಿಯಾಗಿ ಉಚ್ಚರಿಸಿಲ್ಲ.)

ಆ ಕಾಲದಲ್ಲಿ ಬಟ್ಟೆಯ ನೂಲು ಒತ್ತಾಗಿದೆಯೋ ಇಲ್ಲವೋ ನೋಡಲು ವ್ಯಾಪಾರಿಗಳು ಭೂತಗನ್ನಡಿ ಹಿಡಿಯುತ್ತಿದ್ದರು. ಇವನು ಒಂದು ಹೆಜ್ಜೆ ಮುಂದೆ ಹೋದ. ತಾನೇ ಗಾಜು ತಿಕ್ಕಿ ಕಾಳಿನಷ್ಟು ಸಣ್ಣ ಮಸೂರ ಮಾಡಿದ. ಆಮೇಲೆ ಬಟ್ಟೆಯನ್ನು ಬದಿಗಿಟ್ಟು ಕೆರೆಯ ನೀರು ನೋಡಿದ, ಮೆಣಸು ನೆನೆಸಿದ ನೀರು ನೋಡಿದ, ತನ್ನ ಹಲ್ಲಿನ ಕೊಳೆ ತೆಗೆದು ನೋಡಿದ. ಎಲ್ಲಿ ನೋಡಿದರೂ ಜೀವ! ಲ್ಯಾಟಿನ್ ಗೊತ್ತಿಲ್ಲದ ಮನುಷ್ಯ, ತನ್ನ ಭಾಷೆಯಲ್ಲೇ ಲಂಡನ್ನಿನ ಪಂಡಿತರಿಗೆ ಪತ್ರ ಬರೆದ. ಅವರು ಮೊದಲು ಸುಲಭಕ್ಕೆ ನಂಬಲಿಲ್ಲ. ಊರಿನ ಹಿರಿಯರನ್ನು ಮನೆಗೆ ಕರೆದು ತೋರಿಸಿ, ಅವರಿಂದ ಸಾಕ್ಷಿ ಬರೆಸಿ ಕಳಿಸಿದ.

‘ಪುಸ್ತಕದಲ್ಲಿದೆ ಅಂತ ಒಪ್ಪಬೇಡಿ, ಕಣ್ಣಿಂದ ನೋಡಿ! ಅದೇ ಆ ಕಾಲದ ಹೊಸ ಮಾತು’ ಎಂದು ಪ್ರತಿ ವರ್ಷ ಮೇಜು ಕುಟ್ಟಿ ಹೇಳುತ್ತೇನೆ. ಈ ಸಲವೂ ಕುಟ್ಟಿದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಸರ್, ನೀವು ನೋಡೀರೇನ್ರಿ?”

“ಏನನ್ನ?”

“ಆ ಜೀವಗಳನ್ನ್ರಿ. ಮೈಕ್ರೋಸ್ಕೋಪಿನಾಗ.”

ಇಡೀ ಕ್ಲಾಸು ನನ್ನ ಮುಖ ನೋಡಿತು. ನಾನು ಗಡಿಯಾರ ನೋಡಿದೆ. ಬೆಲ್ ಆಗಲು ಇನ್ನೂ ಹನ್ನೆರಡು ನಿಮಿಷವಿತ್ತು. ನಿಜ ಹೇಳಬೇಕೆಂದರೆ ನಾನು ಜನ್ಮದಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟವನೇ ಅಲ್ಲ. ಪುಸ್ತಕದಲ್ಲಿ ಓದಿ, ‘ಪುಸ್ತಕ ನಂಬಬೇಡಿ’ ಎಂದು ಪಾಠ ಮಾಡಿದವನು. ಅವಮಾನವಾಯಿತು. ಶನಿವಾರ ಜೀವಶಾಸ್ತ್ರದ ಮೇಡಂ ಅವರ ಕೈಕಾಲು ಹಿಡಿದು ಲ್ಯಾಬಿನ ಮೈಕ್ರೋಸ್ಕೋಪ್ ಒಂದನ್ನು ಎರಡು ದಿನದ ಮಟ್ಟಿಗೆ ತಂದೆ.

ತಂದವನು ಮನೆಯಲ್ಲಿ ಸುಮ್ಮನೆ ನೋಡಿ ವಾಪಸ್ ಕೊಡಬಹುದಿತ್ತು. ಆದರೆ ಅಳಿಯನಾದವನಿಗೆ ಮಾವನ ಮನೆಯಲ್ಲಿ ಜಂಬ ತೋರಿಸುವ ಅವಕಾಶ ಎಷ್ಟು ಸಲ ಸಿಗುತ್ತದೆ ಹೇಳಿ? ಭಾನುವಾರ ಬೆಳಿಗ್ಗೆ ಹೆಂಡತಿ ಸುಜಾತಾಳನ್ನು ಕರೆದುಕೊಂಡು, ಮೈಕ್ರೋಸ್ಕೋಪನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಸವಣೂರಿನ ಬಸ್ ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಹತ್ತಿಮತ್ತೂರು. ಕಂಡಕ್ಟರ್ ಮಾತ್ರ ಅದನ್ನು ಹೊಲಿಗೆ ಮಷಿನ್ ಎಂದುಕೊಂಡು, ಲಗೇಜ್ ತೆಗೆಸಬೇಕು ಎಂದು ಸವಣೂರಿನ ತನಕ ವಾದ ಮಾಡಿದ.

ಪಡಸಾಲೆಯಲ್ಲಿ ಪ್ರದರ್ಶನ ಶುರುವಾಯಿತು. ಮೊದಲು ಉಳ್ಳಾಗಡ್ಡಿಯ ಸಿಪ್ಪೆ. ಅತ್ತೆಯವರು ಕಣ್ಣಿಟ್ಟು, “ಗ್ವಾಡಿ ಕಟ್ಟಿದಂಗ ಐತಲ್ರಿ, ಇಟ್ಟಂಗಿ ಇಟ್ಟಂಗಿ!” ಎಂದು ಖುಷಿಪಟ್ಟರು. ನನಗೆ ಉಮೇದು ಬಂತು. ಒಳಗಿನಿಂದ ಮೊಸರು ತರಿಸಿ, ಒಂದು ತೊಟ್ಟಿಗೆ ನೀರು ಬೆರೆಸಿ ಗಾಜಿನ ಮೇಲೆ ಹಚ್ಚಿದೆ. ಮೊದಲು ನಾನೇ ನೋಡಿದೆ. ಸಣ್ಣ ಸಣ್ಣ ಗುಂಡುಗಳು ಕುಂತಲ್ಲಿ ಕೂರದೆ ಮಿಸುಕಾಡುತ್ತಿದ್ದವು. ಮೈ ಜುಮ್ ಎಂದಿತು. ಆ ಬಟ್ಟೆ ವ್ಯಾಪಾರಿಗೂ ಹೀಗೇ ಆಗಿರಬೇಕಲ್ಲವೇ!

ಅತ್ತೆಯವರು ಬಹಳ ಹೊತ್ತು ನೋಡಿದರು.

“ಇವು ಏನ್ರಿ ಅಳಿಯಂದ್ರ, ಕುಣ್ಯಾಕತ್ತಾವು?”

“ಜೀವ ರೀ ಅತ್ತಿ! ಮಸರಿನಾಗ ಲಕ್ಷಗಟ್ಟಲೆ ಇರ್ತಾವು” ಎಂದೆ ದೊಡ್ಡ ದನಿಯಲ್ಲಿ.

“ನಾ ಉಣ್ಣೂ ಮಸರಿನಾಗ?”

“ಎಲ್ಲಾರ ಮಸರಿನಾಗೂ ರೀ!”

ಅವರು ಎದ್ದರು. ಕೈ ತೊಳೆದುಕೊಂಡರು. ಸುಜಾತಾ ನನ್ನನ್ನು ನೋಡಿದ ನೋಟದಲ್ಲೇ ನನಗೆ ತಿಳಿಯಬೇಕಿತ್ತು. ಇರುವೆ ಸಾಲು ಕಂಡರೆ ಸುತ್ತು ಹಾಕಿ ಹೋಗುವ, ನೀರನ್ನು ಬಟ್ಟೆಯಲ್ಲಿ ಸೋಸದೆ ಕೊಡಕ್ಕೆ ತುಂಬಿಸದ, ತತ್ತಿಯ ಮಾತೆತ್ತಿದರೂ ಮುಖ ತಿರುಗಿಸುವ ಮನೆ ಅದು. ಅಲ್ಲಿ ಕೂತು ನಾನು ಹಿರಿಯರೊಬ್ಬರಿಗೆ, ನೀವು ದಿನಕ್ಕೆರಡು ಹೊತ್ತು ಲಕ್ಷಗಟ್ಟಲೆ ಜೀವ ತಿನ್ನುತ್ತೀರಿ ಎಂದು ತೋರಿಸಿದ್ದೆ. ಅದೂ ಜಂಬದಿಂದ.

ಒಂದೆರಡು ದಿನದಲ್ಲಿ ಸರಿಹೋಗುತ್ತದೆ ಎಂದುಕೊಂಡೆವು. ಆಗಲಿಲ್ಲ. ಅವರು ಉಣ್ಣುವುದನ್ನಷ್ಟೇ ಅಲ್ಲ, ಹೆಪ್ಪು ಹಾಕುವುದನ್ನೂ ನಿಲ್ಲಿಸಿದರು. ಹದಿನೈದನೇ ದಿನ ಸುಜಾತಾಳ ತಮ್ಮನ ಫೋನ್ ಬಂತು.

“ಭಾವಾರ, ಅವ್ವ ಅರ್ಧಾ ರೊಟ್ಟಿ ಉಂಡು ಎದ್ದೇಳಾಕತ್ತಾಳ. ಮೊನ್ನೆ ಪೂಜಿ ಮಾಡ್ಕೋಂತ ಕುಂತಾಕಿಗೆ ತಲಿ ತಿರಗಿ ಹಂಗ ಗ್ವಾಡಿಗೆ ಒರಗಿದ್ಲು. ನೀವ ಕೆಡಿಸೀರಿ, ನೀವ ಬಂದು ಸುದ್ದ ಮಾಡ್ರಿ.”

ನನಗೆ ಹೆದರಿಕೆಯಾಯಿತು. ನಿಜವಾಗಿಯೂ ಹೆದರಿಕೆ. ಜೀವಶಾಸ್ತ್ರದ ಮೇಡಂ ಬಳಿ ಓಡಿದೆ. ನಡೆದದ್ದನ್ನೆಲ್ಲ ಕೇಳಿ ಅವರು ನಕ್ಕರು.

“ಸರ್, ಕುಣಿಯೂವು ಜಿಡ್ಡಿನ ಹನಿ ರೀ. ನೀರು ಅವನ್ನ ನೂಕಾಡತೈತಿ, ಅದಕ್ಕ ಮಿಸುಕಾಡ್ತಾವು. ಮಸರು ಮಾಡೂ ಬ್ಯಾಕ್ಟೀರಿಯಾ ಕುಣಿಯೂದಿಲ್ಲ, ಸುಮ್ನ ಇರ್ತಾವು.”

ನೋಡಿ ನನ್ನ ಪಾಂಡಿತ್ಯ! ಜಿಡ್ಡನ್ನು ತೋರಿಸಿ ಜೀವ ಎಂದಿದ್ದೆ. ಕಣ್ಣಿಂದ ನೋಡಿದರೆ ಸಾಲದು, ಏನನ್ನು ನೋಡುತ್ತಿದ್ದೇವೆ ಎಂಬುದೂ ತಿಳಿದಿರಬೇಕು ಎಂಬುದನ್ನು ನನ್ನ ಪಾಠದಲ್ಲಿ ಇಷ್ಟು ವರ್ಷ ಯಾರೂ ಸೇರಿಸಿರಲಿಲ್ಲ. ಸೇರಿಸಬೇಕಾದವನು ನಾನೇ.

ಮನೆಗೆ ಬಂದು ಹೇಳಿದೆ. ಸುಜಾತಾ ಕೂಡಲೇ ದಾರಿ ಹುಡುಕಿದಳು. “ಚಲೋ ಆತಲ್ಲ. ಕುಣಿಯೂದು ಬೆಣ್ಣಿ, ಜೀವ ಅಲ್ಲ ಅಂತ ಹೇಳ್ರಿ. ಅಷ್ಟಕ್ಕ ಬಾಯಿ ಮುಚ್ರಿ. ಉಳದಿದ್ದು ಹೇಳಾಕ ಹೋಗಬ್ಯಾಡ್ರಿ.”

ಸುಜಾತಾಳನ್ನು ಕರೆದುಕೊಂಡು ಹೊರಟೆ, ಬಸ್ಸಿನುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿಕೊಂಡೆ. ಕುಣಿಯುವುದು ಬೆಣ್ಣೆ, ಜೀವ ಅಲ್ಲ. ಸುಳ್ಳೇನಲ್ಲ, ಅರ್ಧ ಸತ್ಯ.

ಅತ್ತೆಯವರು ಗೋಡೆಗೆ ಒರಗಿ ಕೂತಿದ್ದರು. ಮುಖ ಸಣ್ಣದಾಗಿತ್ತು, ಕೈಬಳೆಗಳು ಮೊಣಕೈ ತನಕ ಜಾರುತ್ತಿದ್ದವು. ಬಾಯಿಪಾಠ ಒಪ್ಪಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಅಂದರ ಕುಣಿಯೂದು ಜಿಡ್ಡು.”

“ಹೌದ್ರಿ.”

“ಮತ್ತ ಜೀವ ಇಲ್ಲೇ ಇಲ್ಲೇನ್ರಿ ಮಸರಿನಾಗ? ಲಿಂಗದ ಮ್ಯಾಲೆ ಆಣಿ ಮಾಡಿ ಹೇಳ್ರಿ, ಈಗ ಉಣ್ತೇನಿ.”

ಸುಜಾತಾ ಬಾಗಿಲಲ್ಲಿ ನಿಂತು ಕಣ್ಣಲ್ಲೇ ‘ಹೂಂ ಅನ್ನಿ’ ಎಂದಳು. ಒಂದು ‘ಹೂಂ’. ಅದರಿಂದ ಯಾರಿಗೇನು ನಷ್ಟ? ಆದರೆ ಅತ್ತೆಯವರ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು.

“ಅದಾವ್ರಿ ಅತ್ತಿ. ಕುಣಿಯೂದಿಲ್ಲ, ಆದರ ಅದಾವು. ಅವಿಲ್ಲಂದ್ರ ಹಾಲು ಮಸರಾಗೂದಿಲ್ಲ.”

ಸುಜಾತಾ ಒಳಗೆ ಹೋಗಿ ಪಾತ್ರೆ ಕುಕ್ಕಿದ ಸದ್ದು ಕೇಳಿಸಿತು. ಇನ್ನೇನು ಮಾಡುವುದು? ನನಗೆ ಗೊತ್ತಿರುವ ಏಕೈಕ ವಿದ್ಯೆಯನ್ನೇ ತೆಗೆದೆ. ಬಟ್ಟೆ ವ್ಯಾಪಾರಿಯ ಕಥೆ ಹೇಳಿದೆ.

ಅವನ ಮನೆಗೆ ಊರಿನ ಹೆಂಗಸರು ಬರುತ್ತಿದ್ದರಂತೆ. ವಿನೆಗರ್ ಎಂಬ ಹುಳಿನೀರಿನಲ್ಲಿ ಹಾವಿನ ಮರಿಯಂಥ ಸಣ್ಣ ಹುಳು ಓಡಾಡುವುದನ್ನು ತೋರಿಸಿದನಂತೆ. ಕೆಲವರು ಹೇಸಿಕೊಂಡು, ಇನ್ನು ಈ ಜನ್ಮದಲ್ಲಿ ಅದನ್ನು ಮುಟ್ಟುವುದಿಲ್ಲ ಎಂದು ಶಪಥ ಮಾಡಿದರಂತೆ. ಅವನೋ, ಇಷ್ಟಕ್ಕೇ ಹೀಗಾದರೆ, ಮನುಷ್ಯನ ಹಲ್ಲಿನ ಕೊಳೆಯಲ್ಲಿ ಒಂದು ರಾಜ್ಯದ ಜನರಿಗಿಂತ ಹೆಚ್ಚು ಜೀವಗಳಿವೆ ಎಂದು ಹೇಳಿದರೆ ಇವರ ಗತಿಯೇನು ಎಂದು ಬರೆದಿಟ್ಟ. (ಈ ಹೆಂಗಸರ ಮಾತು ಬಂದಾಗ ಕ್ಲಾಸಿನಲ್ಲಿ ನಗು ಗ್ಯಾರಂಟಿ. ನಗಿಸುವುದು ನಾನೇ.)

ಅತ್ತೆಯವರು ನಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ನನ್ನ ಬಾಯಾಗೂ ಅದಾವೇನ್ರಿ?”

“ಎಲ್ಲಾರ ಬಾಯಾಗೂ ರೀ.”

“ಸೋಸಿದ ನೀರಾಗ?”

“ಅರಿವ್ಯಾಗ ಸೋಸಿದರ ನಿಲ್ಲೂವಲ್ಲರಿ ಅವು.”

ಮುಗಿಯಿತು ಎಂದುಕೊಂಡೆ. ಮೊಸರು ಬಿಟ್ಟವರು ಇನ್ನು ನೀರನ್ನೂ ಬಿಡುತ್ತಾರೆ, ನನ್ನ ಹೆಂಡತಿ ನನ್ನನ್ನು ಬಿಡುತ್ತಾಳೆ. ಆದರೆ ಅತ್ತೆಯವರು ನಾನು ಎಂದೂ ನಿರೀಕ್ಷಿಸದ ಪ್ರಶ್ನೆ ಕೇಳಿದರು.

“ಅಳಿಯಂದ್ರ, ಆ ಮಸರಿನಾಗಿನವು ಏನ ಉಣ್ತಾವ್ರಿ?”

“ಹಾಲು ರೀ. ಹಾಲಿನಾಗಿನ ಸಿಹಿ ಉಂಡು ಬೆಳೀತಾವು.”

“ಅಂದರ ದಿನಾ ನಾ ಹಾಕಿದ ಹಾಲು ಅವಕ್ಕ ಊಟ.”

“ಹೌದ್ರಿ.”

“ಹದಿನೈದು ದಿನ ಆತು, ನಾ ಹಾಲು ಹಾಕಿಲ್ಲ. ಗಡಿಗಿ ತೊಳದು ಬೋರಲು ಹಾಕೇನಿ. ಅವು ಏನಾದುವು?”

ಅವರ ಕಣ್ಣು ತುಂಬಿದ್ದವು.

“ನಮ್ಮ ಅತ್ತಿ ಕೊಟ್ಟು ಹೋದ ಹೆಪ್ಪು ರೀ ಅದು. ಜೀವ ಉಳಸ್ತೇನಿ ಅಂತ ಹೋಗಿ, ಸಾಕಿದವನ್ನ ನಾನ ಉಪಾಸ ಕೆಡವಿ ಕೊಂದ್ನಲ್ರಿ.”

ಎದ್ದರು. ಗೋಡೆ ಹಿಡಿದು ಎರಡು ಗಳಿಗೆ ನಿಂತರು. ಅಡುಗೆ ಮನೆಯಿಂದ ಒಂದು ವಾಟಿ ತೆಗೆದುಕೊಂಡು ಹೊರಗೆ ನಡೆದರು. ನಾನು ಹಿಂದೆ ಹೋದೆ. ಎದುರುಮನೆಯ ಗಿರಿಜವ್ವ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದರು. ಐವತ್ತು ವರ್ಷ ಆ ಓಣಿಗೆ ಕೊಟ್ಟವರೇ ಹೊರತು ಅತ್ತೆಯವರು ಯಾರ ಬಾಗಿಲಲ್ಲೂ ಕೈಯೊಡ್ಡಿದವರಲ್ಲ. ವಾಟಿಯನ್ನು ಮುಂದೆ ಚಾಚಿದರು.

“ಗಿರಿಜವ್ವಾ, ಒಂಚೂರು ಹೆಪ್ಪು ಕೊಡವಾ.”

ಗಿರಿಜವ್ವ ಶೇಂಗಾದ ಮೊರ ಅಲ್ಲೇ ಬಿಟ್ಟು ಎದ್ದರು. “ನಿಮ್ದ ಐತ್ರಿ ಯಕ್ಕಾ ಅದು! ಯುಗಾದಿ ಮುಂದ ನೀವ ಕೊಟ್ಟಿದ್ರಿ. ಅದನ್ನ ನಡಸ್ಕೊಂಡು ಬಂದೇನಿ.”

ಅತ್ತೆಯವರು ವಾಟಿಯನ್ನು ಎರಡೂ ಕೈಯಲ್ಲಿ ಹಿಡಿದು ಓಣಿ ದಾಟಿದರು. ಹಾಲು ಕಾಸಿ, ಬೆರಳಿಟ್ಟು ಬಿಸಿ ನೋಡಿ, ಹೆಪ್ಪು ಹಾಕಿದರು. ಮರುದಿನ ಎರಡು ರೊಟ್ಟಿ, ಒಂದು ಬಟ್ಟಲು ಮೊಸರು. “ನಾನೂ ಉಣ್ತೇನಿ, ಅವೂ ಉಣ್ಲಿ” ಎಂದರು. ಅಷ್ಟೇ ಅವರ ಸಿದ್ಧಾಂತ. ಸರಿಯೋ ತಪ್ಪೋ, ಯಾವ ಪಂಡಿತರನ್ನು ಕೇಳಲಿ? ಸುಜಾತಾ ಮಾತ್ರ ಆವತ್ತು ನನಗೆ ಎರಡನೇ ಸಲ ಚಹಾ ಕೊಟ್ಟಳು, ಕೇಳದೆಯೇ.

ಆ ಡಚ್ ಹೆಂಗಸರನ್ನು ನೆನೆದು ನಾನೀಗ ನಗುವುದಿಲ್ಲ. ಅವರನ್ನು ದಡ್ಡರೆಂದು ತೋರಿಸಿ ಇಪ್ಪತ್ತೆರಡು ಬ್ಯಾಚ್ ಮಕ್ಕಳನ್ನು ನಗಿಸಿದ್ದೇನೆ. ತಪ್ಪು. ಅವರು ಕಣ್ಣಿಟ್ಟು ನೋಡಿದರು, ನೋಡಿದ್ದನ್ನು ಮನೆಯ ತನಕ ಒಯ್ದರು, ಅಡುಗೆಮನೆಯಲ್ಲಿ ಹುಳಿನೀರಿನ ಒಂದು ಸೀಸೆ ಕಡಿಮೆ ಮಾಡಿದರು. ನಮ್ಮ ಅತ್ತೆಯವರೂ ಅದನ್ನೇ ಮಾಡಿದರು. ತಾನು ಮಾಡಿದ್ದು ತಪ್ಪು ಎಂದು ಕಂಡಾಗ ಅದನ್ನೂ ತಿದ್ದಿಕೊಂಡರು, ಎದುರುಮನೆಯ ಮುಂದೆ ತಲೆತಗ್ಗಿಸಿ. ನನ್ನಂಥ ಓದಿದವರಿಗೆ ಇದು ಸಾಧ್ಯವೇ?

ಕೇಳಬೇಡಿ. ನನ್ನ ರಕ್ತದ ಸಕ್ಕರೆಯ ರಿಪೋರ್ಟ್ ಮೂರು ತಿಂಗಳಿಂದ ಮೇಜಿನ ಡ್ರಾಯರಿನಲ್ಲಿದೆ. ಕೆಂಪಕ್ಷರದ ಅಂಕಿ, ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ್ದೇನೆ. ಕಣ್ಣಾರೆ ಕಂಡಿದ್ದಕ್ಕೆ ಅತ್ತೆಯವರು ಮೊಸರನ್ನೇ ಬಿಟ್ಟರು. ನಾನು ಇದುವರೆಗೆ ಒಂದು ಪೇಡೆಯನ್ನಾದರೂ ಬಿಟ್ಟಿದ್ದೇನೆಯೇ?