ಬಾಕಿ ಉಳಿದ ಒಂದು ಖೋ

ಹಾಲಪ್ಪ ಸರ್ ನಮ್ಮ ಮುಖ ನೋಡುತ್ತಿರಲಿಲ್ಲ. ಕಾಲಿನ ಹೆಬ್ಬೆರಳು ನೋಡುತ್ತಿದ್ದರು. ದಾರಿಯಲ್ಲಿ ಎದುರಾಗಿ ನಮಸ್ಕಾರ ಎಂದರೂ ಅವರ ಕಣ್ಣು ಮೊದಲು ಚಪ್ಪಲಿಯ ತುದಿಗೆ ಹೋಗಿ, ಆಮೇಲೆ ನಿಧಾನಕ್ಕೆ ಮೇಲೇರುತ್ತಿತ್ತು. "ಯಾರು, ಕೊಟ್ರವ್ವೇನು?" ಎಂದು ನನ್ನನ್ನು ಹೆಬ್ಬೆರಳಿನಿಂದಲೇ ಗುರುತು ಹಿಡಿದವರಂತೆ ಕೇಳುತ್ತಿದ್ದರು. ನೋಡಿದವರಿಗೆ ಇದು ವಿಚಿತ್ರ ಎನಿಸುತ್ತಿತ್ತು. ಖೋಖೋ ತಂಡದ ಹುಡುಗಿಯರಾದ ನಮಗೆ ಮಾತ್ರ ಅದರ ಮರ್ಮ ಗೊತ್ತಿತ್ತು.

ಇದು ತೊಂಬತ್ತರ ದಶಕದ ನಡುವಿನ ಮಾತು. ಹಗರಿಬೊಮ್ಮನಹಳ್ಳಿಯ ನಮ್ಮ ಹೈಸ್ಕೂಲಿಗೆ ಅವರು ಡ್ರಿಲ್ ಮಾಸ್ತರು. ತಂಬ್ರಹಳ್ಳಿಯಿಂದ ಸೈಕಲ್ ತುಳಿದುಕೊಂಡು ಬರುತ್ತಿದ್ದರು. ಒಣಕಲು ಮೈ, ಬಿಳಿ ಪ್ಯಾಂಟು, ಕೊರಳಲ್ಲಿ ಸೀಟಿ. ಆ ಸೀಟಿಯನ್ನು ಅವರು ಊದಿದ್ದಕ್ಕಿಂತ ಬೆರಳಲ್ಲಿ ತಿರುಗಿಸಿದ್ದೇ ಹೆಚ್ಚು.

ಬಿಸಿಲು ಏರಿತೆಂದರೆ ನಮ್ಮನ್ನು ಬೇವಿನ ಮರದ ಕೆಳಗೆ ಸಾಲಾಗಿ ಕೂರಿಸಿ, ಚಪ್ಪಲಿ ಬಿಡಿಸಿ, ಕಾಲು ಚಾಚಲು ಹೇಳುತ್ತಿದ್ದರು. "ಈಗ ಕಣ್ಮುಚ್ಚಿ ಆಡ್ರಿ" ಎನ್ನುತ್ತಿದ್ದರು. ಅಂಕಣ, ಎರಡು ತುದಿಯ ಕಂಬ, ಮುಂದೆ ಓಡುವವಳ ಜಡೆ, ಎಲ್ಲವನ್ನೂ ಮನಸ್ಸಿನಲ್ಲೇ ಕಂಡು ಬೆನ್ನಟ್ಟಬೇಕು. ಅವರು ಸಾಲಿನ ಮುಂದೆ ಬಗ್ಗಿ ನಡೆಯುತ್ತಾ ಹೆಬ್ಬೆರಳುಗಳನ್ನು ನೋಡುತ್ತಿದ್ದರು. ನಿಜವಾಗಿ ಆಡುತ್ತಿದ್ದವಳ ಬೆರಳು ಆಗಾಗ ಚೂರು ಅಲುಗುತ್ತಿತ್ತು. ಅಲುಗದಿದ್ದರೆ ಸಿಕ್ಕಿಬಿದ್ದಂತೆಯೇ. "ಗೌರವ್ವಾ, ನೀ ಇಲ್ಲಿ ಇಲ್ಲ. ಮನ್ಯಾಗ ಮಂಡಕ್ಕಿ ತಿನ್ನಾಕತ್ತಿ" ಎಂದು ಗದರುತ್ತಿದ್ದರು. ನನ್ನ ಗೆಳತಿ ಗೌರಮ್ಮ ಬೆಚ್ಚಿ ಕಣ್ಣು ಬಿಡುತ್ತಿದ್ದಳು, ಏಕೆಂದರೆ ಅವಳು ನಿಜಕ್ಕೂ ಮಂಡಕ್ಕಿಯನ್ನೇ ನೆನೆಯುತ್ತಿದ್ದಳು.

ಒಮ್ಮೆ ಹೆಡ್ಮಾಸ್ತರು ಬಂದು ಸಿಟ್ಟಾದರು. "ಹಾಲಪ್ಪನವರ, ಇದು ಆಟದ ಪೀರಿಯಡ್ಡೋ, ನಿದ್ದಿ ಪೀರಿಯಡ್ಡೋ?"

ಸರ್ ತುಟಿಯ ಮೇಲೆ ಬೆರಳಿಟ್ಟು ಪಿಸುಗುಟ್ಟಿದರು: "ಮೆಲ್ಲಕ ಮಾತಾಡ್ರಿ ಸರ್. ಕಂಬದ ಹತ್ರ ಅದಾರ. ಬಿದ್ದಾರು."

ಆ ಕಂಬದ ಹತ್ತಿರದ ಆಟವೇ ನನ್ನ ಹೆಸರು, ನನ್ನ ಮಾನ ಎಲ್ಲವೂ ಆಗಿತ್ತು. ಓಡುವವಳು ಕಂಬ ಸುತ್ತಿ ತಪ್ಪಿಸಿಕೊಳ್ಳುವಾಗ, ಬೆನ್ನಟ್ಟುವವಳು ಒಂದು ಕೈಯಲ್ಲಿ ಕಂಬ ಹಿಡಿದು ಮೈ ಪೂರ್ತಿ ಗಾಳಿಗೆ ಚೆಲ್ಲಿ ಇನ್ನೊಂದು ಕೈಯಿಂದ ಅವಳನ್ನು ಮುಟ್ಟಬೇಕು. ಅದಕ್ಕೆ ಡೈವ್ ಎನ್ನುತ್ತಿದ್ದೆವು. ನಾನು ಅದನ್ನು ಹೇಗೆ ಮಾಡುತ್ತಿದ್ದೆನೋ ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದುದೇ ನನ್ನ ಪುಣ್ಯ.

ಹರಪನಹಳ್ಳಿಯಲ್ಲಿ ನಡೆಯುವ ಅಂತರಶಾಲಾ ಪಂದ್ಯಕ್ಕೆ ಐದು ದಿನ ಇದ್ದಾಗ ಆ ಪುಣ್ಯ ಹೋಯಿತು. ಶಾಲೆಗೆ ಬಂದಿದ್ದ ಯಾರೋ ಲೆಕ್ಚರರು ನನ್ನ ಡೈವ್ ಮೆಚ್ಚಿ, ನೋಟ್‌ಬುಕ್ ತೆರೆದು ಕೇಳಿದರು: "ಕಂಬ ಹಿಡಿಯೋ ಮುಂಚೆ ಯಾವ ಕಾಲು ಎತ್ತುತ್ತೀಯಮ್ಮ?" ನಾನು ಬಗ್ಗಿ ನನ್ನ ಕಾಲುಗಳನ್ನೇ ನೋಡಿಕೊಂಡೆ. ಯಾವ ಕಾಲು? ಸಂಜೆ ಓಡುವಾಗ ಅದನ್ನೇ ಗಮನಿಸಿದೆ. ಎಡಗಾಲು ಎತ್ತಲೋ ಬಲಗಾಲು ಎತ್ತಲೋ ಎನ್ನುವಷ್ಟರಲ್ಲಿ ಭುಜ ಕಂಬಕ್ಕೆ ಬಡಿದು ನೆಲಕ್ಕೆ ಬಿದ್ದೆ. ಮರುದಿನವೂ ಬಿದ್ದೆ. ಅದರ ಮರುದಿನ ಬೀಳುವ ಹೆದರಿಕೆಗೆ ಕಂಬದ ಮುಂದೆ ನಿಂತೇಬಿಟ್ಟೆ. ನನ್ನ ಕೈಕಾಲು ಯಾರದೋ ಎನಿಸಿ ಅಳು ಬಂತು. ತಂಡ ನನ್ನ ಡೈವನ್ನೇ ನಂಬಿತ್ತು. ಹಾಲಪ್ಪ ಸರ್ ಅದೇ ವರ್ಷ ನಿವೃತ್ತರಾಗುವವರಿದ್ದರು. ಅವರ ಒಂದು ತಂಡವೂ ಅದುವರೆಗೆ ಹರಪನಹಳ್ಳಿ ದಾಟಿ ಮುಂದಿನ ಹಂತಕ್ಕೆ ಹೋಗಿರಲಿಲ್ಲ.

ಸರ್ ನನ್ನ ಹೆಬ್ಬೆರಳು ನೋಡಿದರು. ಬೆರಳು ಮಡಚಿ ಮಣ್ಣು ಹಿಡಿದಿತ್ತು.

"ಯಾವ ಕಾಲು ಅಂತ ಕೇಳ್ಯಾರೇನು?"

"ಹೂಂ ಸರ್."

"ಕೇಳಬಾರದಾಗಿತ್ತು. ಕಾಲಿಗೆ ಬರೋ ಕೆಲಸದಾಗ ತಲಿ ಕೈ ಹಾಕಿದ್ರ ಎರಡೂ ಕೆಡ್ತಾವ. ತಲಿಗೆ ಬ್ಯಾರೆ ಕೆಲಸ ಹಚ್ಚೋಣು. ಹದಿನೇಳರ ಮಗ್ಗಿ ಬರ್ತೈತೇನು?"

ಮಗ್ಗಿ ಹೇಳುತ್ತಾ ಓಡಿಸಿದರು. ಹದಿನೇಳು, ಮೂವತ್ನಾಲ್ಕು, ಐವತ್ತೊಂದು. ಲೆಕ್ಕದಲ್ಲಿ ನಾನು ಮೊದಲೇ ಹಿಂದೆ. ಮುಂದಿನದು ಎಷ್ಟು ಎಂದು ತಡಕಾಡುವಷ್ಟರಲ್ಲಿ ಕಂಬ ಬಂದು, ಕಾಲು ತಾನೇ ಎದ್ದು, ನಾನು ಗಾಳಿಯಲ್ಲಿದ್ದೆ. ಎರಡು ದಿನ ಊಟದಲ್ಲೂ ನಡಿಗೆಯಲ್ಲೂ ಬಾಯಲ್ಲಿ ಮಗ್ಗಿಯೇ. ಅವ್ವ ಇವಳಿಗೇನೋ ಆಗಿದೆ ಎಂದು ದೃಷ್ಟಿ ತೆಗೆದಳು.

ಹರಪನಹಳ್ಳಿಯ ಫೈನಲ್. ಕೊನೆಯ ಸರದಿ, ಬೆನ್ನಟ್ಟುವವರು ನಾವು. ಸಮ ಮಾಡಲು ಇನ್ನು ಇಬ್ಬರನ್ನು ಮುಟ್ಟಬೇಕು. ಸಮವಾದರೆ ಮತ್ತೊಂದು ಸರದಿ ಸಿಗುತ್ತದೆ. ಉಳಿದದ್ದು ಒಂದೇ ನಿಮಿಷ. ಹಿಂದಿನಿಂದ ನನ್ನ ಬೆನ್ನಿಗೆ ಖೋ ಬಿತ್ತು, ಎದ್ದೆ. ಓಡುವವಳು ಕಂಬದ ಕಡೆಗೇ ಹೊರಟಳು. ಯಾವ ಕಾಲು ಎಂಬ ಪ್ರಶ್ನೆ ಎದ್ದು ಬರುತ್ತಿತ್ತು. ಹದಿನೇಳು ಎಂದೆ. ಮೂವತ್ನಾಲ್ಕು. ಐವತ್ತೊಂದು ಎನ್ನುವಾಗ ಕಂಬ ಕೈಯಲ್ಲಿತ್ತು, ಇನ್ನೊಂದು ಕೈ ಅವಳ ಬೆನ್ನ ಮೇಲಿತ್ತು. ಜನ ಕೂಗಿದರು. ಇನ್ನೊಬ್ಬಳು ಬೇಕು. ಎದ್ದು ಓಡಿದೆ. ಮುಂದಿನವಳು ಸಾಲಿನ ನಡುವೆ ತೂರಿ ಆಚೆ ಬದಿಗೆ, ಗೌರಮ್ಮನ ಎದುರಿಗೇ ಹೋದಳು. ನಾನು ಸಾಲು ದಾಟುವಂತಿಲ್ಲ, ಗೌರಮ್ಮ ಎದ್ದು ಕೈ ಚಾಚಿದರೆ ಮುಗಿಯಿತು. ನಾನು ಗೌರಮ್ಮನ ಬೆನ್ನು ತಟ್ಟಿ ಇದ್ದಷ್ಟು ದನಿಯಲ್ಲಿ ಕೂಗಿದೆ:

"ಅರವತ್ತೆಂಟು!"

ರೆಫರಿಯ ಸೀಟಿ ಕೂಗಿತು. ಖೋ ಎನ್ನದೆ ಕೊಟ್ಟದ್ದು ಖೋ ಅಲ್ಲ, ಫೌಲ್. ಗೌರಮ್ಮ ಮತ್ತೆ ಕೂತಳು, ಓಡುವವಳು ದೂರ ಹೋದಳು, ಸಮಯ ಮುಗಿಯಿತು. ಒಂದು ಪಾಯಿಂಟಿನಿಂದ ಸೋತೆವು. ಸುತ್ತ ನಿಂತ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಾನು ಅಂಕಣದಲ್ಲೇ ಕೂತು ಬಿಕ್ಕುತ್ತಿದ್ದೆ. ಸರ್ ಬಂದು ಪಕ್ಕದಲ್ಲಿ, ಬಿಳಿ ಪ್ಯಾಂಟಿನಲ್ಲೇ, ಮಣ್ಣಿನ ಮೇಲೆ ಕೂತರು.

"ಅಳಬ್ಯಾಡವ್ವ. ಕಾಲು ನಿನ್ನವು, ತಿರುಗಿ ಬಂದ್ವು. ಬಾಯಿಗೆ ತಪ್ಪು ಕಲಿಸ್ದಾಂವ ನಾನು." ಸೀಟಿ ತಿರುಗಿಸುತ್ತಾ ಅಂದರು: "ನಿಂದೊಂದು ಖೋ ಬಾಕಿ ಉಳಿತು ನೋಡು. ಯಾವಾಗರ ಕೊಡು."

ಮುಂದೆ ನಾನೂ ಕೂಡ್ಲಿಗಿ ಕಡೆಯ ಶಾಲೆಯೊಂದರಲ್ಲಿ ಡ್ರಿಲ್ ಟೀಚರಾದೆ. ಒಂದು ತರಬೇತಿಯಲ್ಲಿ ಡಾಕ್ಟರೊಬ್ಬರು ಮೆದುಳಿನ ಚಿತ್ರ ತೂಗುಹಾಕಿ ವಿವರಿಸಿದರು: ಓಡುವುದನ್ನು ಕಣ್ಣಿಗೆ ಕಟ್ಟುವಂತೆ ನೆನೆದರೆ, ಓಡುವಾಗ ಕೆಲಸ ಮಾಡುವ ಮೆದುಳಿನ ಭಾಗಗಳೇ ಬಹುಮಟ್ಟಿಗೆ ಎಚ್ಚರವಾಗುತ್ತವೆ, ಪಳಗಿದ ಚಲನೆಯನ್ನು ಬಿಡಿಬಿಡಿಯಾಗಿ ಗಮನಿಸಹೊರಟರೆ ಅದು ಮುಗ್ಗರಿಸುತ್ತದೆ. ಎಲ್ಲರೂ ಬರೆದುಕೊಂಡರು. ನನಗೆ ಬೇವಿನ ಮರದ ಕೆಳಗೆ ಬಗ್ಗಿ ನಡೆಯುತ್ತಿದ್ದ ಒಣಕಲು ಮನುಷ್ಯ ಕಂಡು ಹೆಮ್ಮೆಯಾಯಿತು.

ಹಾಲಪ್ಪ ಸರ್‌ಗೆ ಲಕ್ವ ಹೊಡೆದ ಸುದ್ದಿ ಬಂದದ್ದು ಅದಾಗಿ ಕೆಲವು ವರ್ಷಕ್ಕೆ. ತಂಬ್ರಹಳ್ಳಿಗೆ ಹೋದೆ. ಅದೇ ಕೊನೆಯ ಭೇಟಿ. ಮಾತು ಹೋಗಿತ್ತು, ಬಲಗೈ ಬಲಗಾಲು ಸತ್ತಿದ್ದವು. ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದವರು ನನ್ನ ಕಾಲು ನೋಡಿ, ಆಮೇಲೆ ಮುಖ ನೋಡಿದರು. ಅವರ ಕಣ್ಣು ತುಂಬಿತು.

ಅವರ ಹೆಂಡತಿ ಗಂಗಮ್ಮ ಸೋತಿದ್ದರು. "ಡಾಕ್ಟರು ದಿನಾ ಹೆಬ್ಬೆರಳು ಅಲ್ಲಾಡಸ್ರಿ ಅಂತಾರವ್ವ. ಎರಡು ತಿಂಗಳಾತು, ಅಲ್ಲಾಡವಲ್ದು. ಇವರು ಅದನ್ನ ದಿಟ್ಟಿಸಿ ನೋಡ್ಕೋತ ಬೆವರ್ತಾರ. ಇನ್ನ ಆಗಂಗಿಲ್ಲ ಬಿಡು ಅನ್ನಂಗ ನಿನ್ನೆ ಕೈ ಮಾಡಿಬಿಟ್ರು."

ನಾನೂ ನೋಡಿದೆ. ಅವರು ಹಲ್ಲು ಕಚ್ಚಿ ಬೆರಳನ್ನೇ ದಿಟ್ಟಿಸುತ್ತಿದ್ದರು. ಕಂಬದ ಮುಂದೆ ನಿಂತಿದ್ದ ಹುಡುಗಿಯ ನೆನಪಾಯಿತು.

"ಸರ್, ಅದನ್ನ ನೋಡಬ್ಯಾಡ್ರಿ. ಕಣ್ಮುಚ್ಚಿ ಆಡ್ರಿ" ಎಂದೆ.

ಅವರು ನನ್ನನ್ನೇ ಒಂದು ಗಳಿಗೆ ನೋಡಿ ಕಣ್ಣು ಮುಚ್ಚಿದರು. ನಾನು ಕುರ್ಚಿಯ ಹಿಂದೆ ಹೋಗಿ ನಿಂತೆ. ಕಾಯಿಸಿದೆ. ಅಂಕಣದಲ್ಲಿ ಖೋಗಾಗಿ ಕೂತವರನ್ನು ಕಾಯಿಸಿದಂತೆಯೇ ಅವರನ್ನು ಕಾಯಿಸಿದೆ. ಅವರ ಉಸಿರು ಒಂದು ಹದಕ್ಕೆ ಬಂತು. ಬೆನ್ನು ತಟ್ಟಿ, ಇದ್ದಷ್ಟು ದನಿಯಲ್ಲಿ, ಆ ದಿನ ಹೇಳಬೇಕಿದ್ದ ಮಾತನ್ನು ಹೇಳಿದೆ:

"ಖೋ!"

ಗಂಗಮ್ಮ ಬೆಚ್ಚಿಬಿದ್ದರು. ನಾನು ಭುಜದ ಮೇಲಿನಿಂದ ಬಗ್ಗಿದೆ. ನಾನು ಸರ್ ಅವರ ಮುಖ ನೋಡಲಿಲ್ಲ. ಬಲಗಾಲಿನ ಹೆಬ್ಬೆರಳು ನೋಡಿದೆ. ಅದು ಒಂದೇ ಒಂದು ಸಲ, ಎದ್ದು ಓಡುವವರ ಬೆರಳಿನ ಹಾಗೆ, ನೆಲವನ್ನು ಒತ್ತಿತು.