ಸಾದಾನಿಯ ಆನೆ, ಜಯರಾಮುವಿನ ನಿಂಬೆಹಣ್ಣು

ಮನ್ರೋ ಊರಿನ ಜಯರಾಮುವಿನ ಬಾಯಿಯ ಪರಿಚಯ ನೆವಾರ್ಕ್ ಏರ್‌ಪೋರ್ಟಿನ ದಾರಿಗೆಲ್ಲ ಇತ್ತು. ಟ್ಯಾಕ್ಸಿ ಓಡಿಸುವ ಆಸಾಮಿ. ಮುಂದಿನ ಕಾರು ಹಸಿರು ದೀಪಕ್ಕೆ ಚೂರು ತಡಮಾಡಿದರೂ ಸಾಕು, ಗಾಜು ಇಳಿಸಿ ಮೈಸೂರು ಕನ್ನಡದಲ್ಲೇ ಬೈಯುತ್ತಿದ್ದ. ದೂರದ ಪ್ರಯಾಣವಾದರೆ ಚಕ್ರದಡಿ ನಿಂಬೆಹಣ್ಣು ಇಡದೆ ಗಾಡಿ ಎಬ್ಬಿಸಿದವನಲ್ಲ.

ಮಗಳು ಸೌಜನ್ಯ ಈ ಬೇಸಿಗೆಯಲ್ಲಿ ಅಪ್ಪ ಅಮ್ಮನನ್ನು ತಾಂಜಾನಿಯಾದ ಸಾದಾನಿಗೆ ಕಳಿಸಿದಳು. ಕಾಡು ಕಡಲ ಮರಳಿಗೇ ಬಂದು ಮುಟ್ಟುವ ರಾಷ್ಟ್ರೀಯ ಉದ್ಯಾನ ಅದು.

"ಅಪ್ಪಾ, ಪ್ಲೀಸ್, ನೋ ಶೌಟಿಂಗ್. ಆನಿಮಲ್ಸ್ ಡೋಂಟ್ ಲೈಕ್ ಇಟ್."

"ನಂಗೇನ್ ಬಲೇ ಇಷ್ಟವಾ?" ಅಂದಳು ಹೆಂಡತಿ ಜವರಮ್ಮ, ಪೆಟ್ಟಿಗೆ ಮುಚ್ಚುತ್ತಾ.

ಸಾದಾನಿಯಲ್ಲಿ ಜೀಪು ಓಡಿಸುವ ಜುಮಾ ಹಿಂದಿನ ದಿನವೇ ಎಚ್ಚರಿಸಿದ್ದ: ಹಣ್ಣುಹಂಪಲು ತರಬೇಡಿ, ಆನೆಗೆ ವಾಸನೆ ಸಿಗುತ್ತದೆ. ನಿಂಬೆಹಣ್ಣು ಪೂಜೆಯ ಸಾಮಾನು, ಅದು ಹಣ್ಣು ಹೇಗಾದೀತು? ಬೆಳಿಗ್ಗೆ ಜುಮಾ ಚಹಾ ಕುಡಿಯುವಾಗ ಜಯರಾಮು ಸದ್ದಿಲ್ಲದೆ ಚಕ್ರದಡಿ ಒಂದನ್ನಿಟ್ಟ. ಉಳಿದವು ಜವರಮ್ಮನ ಕೈಚೀಲ ಸೇರಿದವು.

ಕಡಲ ಬದಿಯಲ್ಲಿ ಜಿರಾಫೆಗಳನ್ನು ಕಂಡು ಜಯರಾಮು ಮಗುವಾಗಿಬಿಟ್ಟಿದ್ದ. ಅಷ್ಟರಲ್ಲಿ ಪೊದೆ ಸೀಳಿಕೊಂಡು ಒಂಟಿ ಸಲಗ ಬಂತು. ಜುಮಾ ಎಂಜಿನ್ ಆರಿಸಿದ.

"ಉಸಿರೆತ್ತಬೇಡಿ. ಕೂಗಿದರೆ ನುಗ್ಗುತ್ತೆ," ಎಂದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದ.

ಜೀಪಿಗೆ ಗಾಜಿರಲಿಲ್ಲ. ಸೊಂಡಿಲು ನೆಟ್ಟಗೆ ಒಳಗೆ ಬಂದು ಜವರಮ್ಮನ ಮಡಿಲನ್ನು ತಡಕಿತು. ಜಯರಾಮುವಿನ ಗಂಟಲಲ್ಲಿ ಕೂಗು ಎದ್ದು ನಿಂತಿತು. ಹೆಂಡತಿಯತ್ತ ನೋಡಿದ. ಅವಳು ಆನೆಯನ್ನು ನೋಡುತ್ತಿರಲಿಲ್ಲ; ಗಂಡನ ಬಾಯಿಯನ್ನೇ ನೋಡುತ್ತಿದ್ದಳು.

ಅವನು ಹಲ್ಲು ಕಚ್ಚಿದ. ಮುಂದಿನ ಕಂಬಿಯನ್ನು ಹಿಡಿದ ಕೈ ಬೆಳ್ಳಗಾಯಿತು.

ಸಲಗ ಚೀಲವನ್ನೆಳೆದು ಕೊಡವಿತು. ಮರಳಿಗೆ ಉರುಳಿದ ಹಣ್ಣುಗಳನ್ನು ಆರಿಸಿಕೊಂಡು, ಇವರ ಗೊಡವೆಯೇ ಬೇಡವೆಂಬಂತೆ ಪೊದೆಯೊಳಗೆ ಹೋಯಿತು.

ಜಯರಾಮುವಿನ ಎದೆಯ ಮೇಲಿನ ಕಲ್ಲು ಇಳಿಯಿತು. ಜವರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಆನೆಗ್ ಹೆದರ್ಲಿಲ್ಲ ಕಣ್ರೀ. ನೀವೆಲ್ಲಿ ಬಾಯ್ ಬಿಡ್ತೀರೋ ಅಂತ ಜೀವ ಹೋಗಿತ್ತು."

"ನಿಂಬೆಹಣ್ಣಿತ್ತು, ಉಳ್ಕೊಂಡ್ವಿ ಕಣೆ." ದನಿ ಇನ್ನೂ ಪಿಸುಮಾತಿನಷ್ಟೇ ಇತ್ತು.

"ಇಲ್ದಿದ್ರೆ ಅದು ಬರ್ತಾನೇ ಇರ್ಲಿಲ್ಲ."

ಮನ್ರೋದಲ್ಲಾಗಿದ್ದರೆ ಈ ಮಾತಿಗೆ ಮನೆಯ ಸೂರು ಹಾರಿಹೋಗುತ್ತಿತ್ತು. ಜಯರಾಮು ನಕ್ಕ. ಬಿಗಿದ ಬೆರಳುಗಳನ್ನು ಒಂದೊಂದಾಗಿ ಕಂಬಿಯಿಂದ ಬಿಡಿಸಿ, ಹೆಂಡತಿಯ ಕೈ ಹಿಡಿದುಕೊಂಡ.