ಮಂಡಿಯೂರಿದ ಬಸ್ಸು

ಈ ವಯಸ್ಸಿನವರೆಗೆ ನನ್ನೆದುರು ತಾನಾಗಿ ಮಂಡಿಯೂರಿದ್ದು ಒಂದೇ ಒಂದು, ಅದೊಂದು ಬಸ್ಸು. ಗಂಡನಿಂದ ಅಂಥದ್ದನ್ನೆಲ್ಲ ಬಯಸುವ ಕಾಲದಲ್ಲಿ ನಾನು ಮದುವೆಯಾದವಳಲ್ಲ. ತರಗತಿಯಲ್ಲಿ ಮಕ್ಕಳು ಮಂಡಿಯೂರಿದ್ದುಂಟು. ಆದರೆ ಅದು ನಾನೇ ಕೊಟ್ಟ ಶಿಕ್ಷೆ, ಲೆಕ್ಕಕ್ಕಿಲ್ಲ.

ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ ಬಸ್ಸಿನ ಸೀಟಿಗೆ ಹಾಕುವ ರೆಕ್ಸಿನ್ ಮಾರುತ್ತಾನೆ. ಕಳೆದ ತಿಂಗಳು ಅಲ್ಲಿಗೆ ಹೋಗಿದ್ದಾಗ "ಬನ್ನಿ ದೊಡ್ಡಮ್ಮ, ಹೊಸ ಬಸ್ಸು ನೋಡಿ ಬರುವ" ಎಂದು ವಾಹನಗಳ ದೊಡ್ಡ ಪ್ರದರ್ಶನವೊಂದಕ್ಕೆ ಕರೆದುಕೊಂಡು ಹೋದ. ತಂಪು ಹವೆಯ ಮಂಟಪದೊಳಗೆ ಬಸ್ಸುಗಳು ಮದುಮಗಳಂತೆ ಸಿಂಗರಿಸಿಕೊಂಡು ನಿಂತಿದ್ದವು. ಒಂದರ ಮೇಲೆ ಹೊದೆಸಿದ್ದ ಕೆಂಪು ಬಟ್ಟೆಯನ್ನು ಗಣ್ಯರು ಎಳೆದರು, ಚಪ್ಪಾಳೆಯಾಯಿತು. ಟೈ ಕಟ್ಟಿದ ಹುಡುಗನೊಬ್ಬ ಗುಂಡಿ ಒತ್ತಿದ. ಬಸ್ಸು 'ಉಸ್' ಎಂದು ಉಸಿರುಬಿಟ್ಟು ಬಾಗಿಲಿನ ಬದಿಗೆ ವಾಲಿ ತಗ್ಗಿತು. ವಯಸ್ಸಾದವರಿಗಾಗಿ ಮಂಡಿಯೂರುವ ಬಸ್ಸಂತೆ. ಮೊದಲು ಹತ್ತಿದವರು ಯಾರು? ಎರಡೆರಡು ಮೆಟ್ಟಿಲು ಒಟ್ಟಿಗೆ ಹಾರಬಲ್ಲ ಗಣ್ಯರು. ಅವರ ಹಿಂದೆ ನಾನೂ ನುಗ್ಗಿದೆ. ಹತ್ತಿದ್ದೇ ಗೊತ್ತಾಗಲಿಲ್ಲ. ಆಗ ಐಸಮ್ಮನ ನೆನಪಾಗಿ ಹೊಟ್ಟೆ ಉರಿಯಿತು.

ಐಸಮ್ಮ ಸಿದ್ಧಕಟ್ಟೆಯಲ್ಲಿ ನನ್ನ ನೆರೆಯವಳು. ನಾನು ಮೂಡುಬಿದಿರೆಯ ಶಾಲೆಗೆ, ಅವಳು ಅಲ್ಲಿಯದೇ ಟೈಲರ್ ಅಂಗಡಿಗೆ, ಒಂದೇ ಬಸ್ಸಿನಲ್ಲಿ ಅರ್ಧ ಆಯುಷ್ಯ ಕಳೆದವರು. ಕಳೆದ ಮಳೆಗಾಲದಲ್ಲಿ ಅಂಗಳದಲ್ಲಿ ಜಾರಿಬಿದ್ದ ಮೇಲೆ ಅವಳ ಮೊಣಕಾಲು ಬಿಗಿದುಕೊಂಡಿತು. ಮೂಡುಬಿದಿರೆಗೆ ಬಂದು ವ್ಯಾಯಾಮ ಮಾಡಿಸಿಕೊಂಡರೆ ಮಡಚೀತು, ಬಿಟ್ಟರೆ ಹಾಗೆಯೇ ಕೋಲಿನಂತೆ ಉಳಿದೀತು ಎಂದರು ಡಾಕ್ಟರು.

"ನಡೆಯುದು ಹೇಗಾದ್ರೂ ನಡೀತೇನೆ ಟೀಚರೇ. ಆದ್ರೆ ಕುರ್ಚಿಯಲ್ಲಿ ಕೂತು ನಮಾಜು ಮಾಡ್ಲಿಕ್ಕೆ ಮನಸ್ಸೇ ಬರುದಿಲ್ಲ. ಹಣೆ ನೆಲಕ್ಕೆ ಮುಟ್ಟಬೇಕು, ಅಷ್ಟೇ" ಎಂದಳು ಐಸಮ್ಮ. ಬೇರೇನನ್ನೂ ಅವಳು ಕೇಳಿದವಳಲ್ಲ.

ಮೊಣಕಾಲು ಮಡಚಬೇಕಾದರೆ ಬಸ್ಸು ಹತ್ತಬೇಕು, ಬಸ್ಸು ಹತ್ತಬೇಕಾದರೆ ಮೊಣಕಾಲು ಮಡಚಬೇಕು. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಎಂದ ಹಾಗೆ. ರಿಕ್ಷಾ ಮಾಡಬಹುದಲ್ಲ ಎನ್ನುತ್ತೀರಿ. ವಾರಕ್ಕೆ ಮೂರು ಸಲ ಮಾಡಿ ನೋಡಿ, ಆಮೇಲೆ ಮಾತಾಡುವ.

ಕೊನೆಗೆ ನಾವಿಬ್ಬರೂ ಸೇರಿ ಬಸ್ಸು ನಿಲ್ಲುವಲ್ಲಿ ಮನೆ ಕಟ್ಟುವ ಕೆಂಪು ಮುರಕಲ್ಲಿನ ಒಂದು ತುಂಡು ಇಟ್ಟೆವು. ಅವಳು ಅದರ ಮೇಲೆ ನಿಂತರೆ ಮೆಟ್ಟಿಲು ಕಾಲಿಗೆ ಸಿಗುತ್ತದೆ, ಹಿಂದಿನಿಂದ ನಾನು ದೂಡುತ್ತೇನೆ. ನಮ್ಮ ಊರಿನ ಹೊಸ ವಿನ್ಯಾಸ ಅದು. ಯಾರೂ ಕೆಂಪು ಬಟ್ಟೆ ಎಳೆಯಲಿಲ್ಲ. ಆದರೆ ಡ್ರೈವರ್ ಮಹಾಶಯರಿಗೆ ಹಿಂದೆ ಬರುವ ಬಸ್ಸು ತನ್ನನ್ನು ದಾಟೀತೆಂಬ ಹೆದರಿಕೆ. ಒಮ್ಮೆ ಕಲ್ಲಿಗಿಂತ ಮುಂದೆ, ಒಮ್ಮೆ ಹಿಂದೆ. ಐಸಮ್ಮ ಇಳಿದು ಕುಂಟುವುದು, ನಾನು ಕಲ್ಲು ಹೊತ್ತುಕೊಂಡು ಓಡುವುದು. ಬಸ್ಸಿನೊಳಗಿನ ಕಾಲೇಜು ಮಕ್ಕಳಿಗೆ ಪುಕ್ಕಟೆ ಯಕ್ಷಗಾನ.

ಹಿಂದೆ ಅರಸರನ್ನು ಹೊರುವ ಆನೆ ಮಂಡಿಯೂರುತ್ತಿತ್ತಂತೆ. ಐಸಮ್ಮನ ಗಂಡ ದುಬೈಯಲ್ಲಿ ಕಂಡ ಒಂಟೆಯೂ ಊರುತ್ತಿತ್ತಂತೆ. ಹುಲ್ಲು ತಿನ್ನುವ ಪ್ರಾಣಿಗೆ ಎಂದೋ ತಿಳಿದದ್ದು ಬಸ್ಸಿಗೆ ತಿಳಿಯಲು ಇಷ್ಟು ಕಾಲ ಬೇಕಾಯಿತು. ತಿಳಿದ ಮೇಲೂ ಅದು ಮಂಟಪದೊಳಗೇ ನಿಂತಿದೆ.

ಬಸ್ಸಿನೊಳಗಿಂದಲೇ ಟೈ ಹುಡುಗನನ್ನು ಕೇಳಿದೆ: "ಇದು ನಮ್ಮ ಸಿದ್ಧಕಟ್ಟೆ ಕಡೆಗೆ ಯಾವಾಗ ಬರ್ತದೆ ಮಾರಾಯ?"

"ಎಲ್ಲಿ ಮೇಡಂ? ಇದು ಬರೀ ಮಾಡೆಲ್ಲು, ರೋಡಿಗೆ ಇಳಿಯಲ್ಲ. ಸ್ವಲ್ಪ ಕೆಳಗಿಳೀತೀರಾ? ಫೋಟೋ ತೆಗೀಬೇಕು."

ಓಡುವ ಬಸ್ಸು ಬಗ್ಗುವುದಿಲ್ಲ, ಬಗ್ಗುವ ಬಸ್ಸು ಓಡುವುದಿಲ್ಲ. ಇಳಿದೆ.

ಊರಿಗೆ ಬಂದು ನೋಡಿದರೆ ನಮ್ಮ ಮುರಕಲ್ಲು ಐಸಮ್ಮನ ಅಂಗಳದಲ್ಲಿ, ಅದರ ಮೇಲೊಂದು ಮಲ್ಲಿಗೆ ಗಿಡದ ಮಣ್ಣಿನ ಚಟ್ಟಿ. ನಾನಿಲ್ಲದ ದಿನಗಳಲ್ಲಿ ಅವಳೊಬ್ಬಳೇ ಹೋಗಿದ್ದಳು. ಬಸ್ಸು ಮುಂದೆ ಹೋಗಿ ನಿಂತಿತು. ಇವಳು ಕಲ್ಲಿನಿಂದಿಳಿದು ಬಾಗಿಲಿಗೆ ತಲುಪುವಷ್ಟರಲ್ಲಿ ಕಂಡಕ್ಟರ್ "ರೈಟ್ ಪೋಯಿ" ಎಂದು ಬಸ್ಸು ಬಿಡಿಸಿಯಾಗಿತ್ತು. ಕಲ್ಲನ್ನು ರಿಕ್ಷಾದಲ್ಲಿ ಹಾಕಿಸಿಕೊಂಡು ಮನೆಗೆ ಬಂದಳಂತೆ.

ಮಂಡಿಯೂರುವ ಬಸ್ಸಿನ ಕಥೆಯನ್ನು ಅವಳಿಗೆ ಹೇಳಬಾರದಿತ್ತು. ಹೇಳಿದೆ. ಕೇಳಿ ನಕ್ಕಳು.

"ಬಸ್ಸಿನ ಮೊಣಕಾಲೂ ಮಡಚುತ್ತದಲ್ಲ ಟೀಚರೇ! ಪುಣ್ಯವಂತ ಬಸ್ಸು. ನಾನಿನ್ನು ಬರುದಿಲ್ಲ, ಸಾಕು. ಕುರ್ಚಿಯಲ್ಲೇ ಆಗ್ಲಿ, ದೇವರಿಗೆ ಗೊತ್ತುಂಟು."

ದೇವರಿಗೆ ಗೊತ್ತಿದ್ದರೆ ಸಾಲದು, ಡ್ರೈವರಿಗೂ ಗೊತ್ತಾಗಬೇಕು ಎಂದುಕೊಂಡೆ. ಮನೆಯಲ್ಲೇ ಮಾಡಬಹುದಾದ ವ್ಯಾಯಾಮವೇನಾದರೂ ಉಂಟೋ ಎಂದು ಡಾಕ್ಟರನ್ನು ಕೇಳಿಬರಲು ಮರುದಿನ ಒಬ್ಬಳೇ ಹೊರಟೆ.

ಬಸ್ಸು ಬಂತು. ಮುಂದೆ ಅಲ್ಲ, ಹಿಂದೆ ಅಲ್ಲ, ಕಲ್ಲಿದ್ದ ಜಾಗದಲ್ಲಿ ಹುಲ್ಲು ಬೆಳೆಯದೆ ಉಳಿದ ಕೆಂಪು ಚೌಕದ ಎದುರಿಗೇ ಬಾಗಿಲು ಬರುವಂತೆ ನಿಂತಿತು. ಅಷ್ಟು ಸರಿಯಾಗಿ ಅದು ಎಂದೂ ನಿಂತದ್ದಿಲ್ಲ. ಕಾಲೆತ್ತಿದೆ, ಮೆಟ್ಟಿಲು ಸಿಗಲಿಲ್ಲ, ನನಗೂ ವಯಸ್ಸಾಗಿದೆ. ಯಾರಾದರೊಬ್ಬರು ಮಂಡಿಯೂರಲೇಬೇಕಲ್ಲ! ಮೆಟ್ಟಿಲಿನ ಮೇಲೆ ಮೊಣಕಾಲಿಟ್ಟು, ಕಂಬಿ ಹಿಡಿದು ಹತ್ತಿದೆ. ನಾನು ಎದ್ದು ನಿಲ್ಲುವ ಮೊದಲೇ "ಉಲಾಯಿ ಪೋಲೆ, ಉಲಾಯಿ ಪೋಲೆ" ಎಂದು ಕಂಡಕ್ಟರ್ ಒಳಗೆ ದೂಡಿದ.